ಪರರ ಎಲೆಯಲ್ಲಿಯ ನೊಣ

ಮನುಷ್ಯನನ್ನು ಅವನ ನಡತೆಯಿಂದ ಅಳೆಯಬೇಕೆಂದು ನಾವೆಲ್ಲರೂ ಬಾಯಿಂದ ಒಪ್ಪುತ್ತೇವೆ. ಅಳೆಯುವ ಹೊತ್ತು ಬಂದಾಗ ಮಾತ್ರ ಅವನ ತಟ್ಟೆಯೊಳಗೆ ಇಣುಕುತ್ತೇವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸುಶಿಕ್ಷಿತ ಕುಟುಂಬಗಳಲ್ಲಿ ಒಂದು ಮಾತು ಬಲು ಸಲೀಸಾಗಿ ನಡೆದುಬಂದಿದೆ. ಯಾರನ್ನಾದರೂ ಕೀಳುಗಳೆಯಬೇಕಾದರೆ ಅವರ ಗುಣದೋಷಗಳನ್ನು ವಿಚಾರಿಸುವ ಶ್ರಮವನ್ನೇ ವಹಿಸದೆ, ‘ಅವರು ಹುಳುಹುಪ್ಪಟೆ ತಿನ್ನುವ ಜನ’ ಎಂದುಬಿಟ್ಟರೆ ತೀರಿತು. ಆ ಬಳಿಕ ಅವರಿಗೆ ಮನೆಯನ್ನು ಬಾಡಿಗೆಗೆ ಕೊಡದಿರುವುದಕ್ಕೂ, ಅವರ ಮಕ್ಕಳ ಪಕ್ಕದಲ್ಲಿ ನಮ್ಮ ಮಕ್ಕಳನ್ನು ಕೂರಿಸದಿರುವುದಕ್ಕೂ, ಅವರನ್ನು ಹೊಸ್ತಿಲಿನ ಹೊರಗೇ ನಿಲ್ಲಿಸಿ ಮಾತನಾಡಿಸಿ ಕಳುಹಿಸುವುದಕ್ಕೂ ಬೇರೆ ಕಾರಣ ಬೇಕಾಗುವುದಿಲ್ಲ. ಹಿಂದೆ ಜಾತಿಯ ಹೆಸರನ್ನು ಹಿಡಿದು ಮಾಡುತ್ತಿದ್ದ ಕೆಲಸವನ್ನು ಈಗ ಊಟದ ಹೆಸರನ್ನು ಹಿಡಿದು ಮಾಡುತ್ತಿದ್ದೇವೆ. ಕೆಲಸ ಅದೇ, ಉಪಕರಣ ಮಾತ್ರ ಬೇರೆ. ಈ ರೂಢಿಯು ವಿದ್ಯೆಗೂ ಒಪ್ಪದು, ಧರ್ಮಕ್ಕೂ ಒಪ್ಪದು, ನಮ್ಮ ನಾಡಿನ ಚರಿತ್ರೆಗಂತೂ ಸರ್ವಥಾ ಒಪ್ಪದು ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ತುಂಗಭದ್ರೆಯ ಎಡದಂಡೆಯ ಕಾಲುವೆ ಬರುವ ಮುನ್ನ ಈ ಸೀಮೆಯು ಜೋಳದ ಸೀಮೆಯಾಗಿತ್ತು. 1953ರಲ್ಲಿ ಅಣೆಕಟ್ಟಿನ ಕಾರ್ಯ ಮುಗಿದು ನೀರು ಹರಿಯತೊಡಗಿದ ತರುವಾಯ ಕರಿಯ ನೆಲದಲ್ಲಿ ಭತ್ತ ಬೆಳೆಯಿತು. ಆಂಧ್ರದ ರೈತರು ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. 1971ರ ಆಚೀಚೆಯ ವರ್ಷಗಳಲ್ಲಿ, ಪೂರ್ವ ಬಂಗಾಳದಿಂದ ಮನೆಮಠಗಳನ್ನು ಬಿಟ್ಟು ಬಂದ ನಿರಾಶ್ರಿತರನ್ನು ಸಿಂಧನೂರಿನ ಬಳಿಯ ಪುನರ್ವಸತಿ ಶಿಬಿರಗಳಲ್ಲಿ ಸರಕಾರವು ನೆಲೆಗೊಳಿಸಿತು. ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿಯು ನಾನಾ ಕಡೆಯ ಕೆಲಸಗಾರರನ್ನು ತನ್ನೆಡೆಗೆ ಸೆಳೆಯಿತು. ಹೀಗೆ ನಾಲ್ಕು ದಿಕ್ಕಿನ ಜನ ಬಂದು ಸೇರಿದಲ್ಲಿ ನಾಲ್ಕು ಬಗೆಯ ಅಡಿಗೆಯ ಹೊಗೆ ಏಳುವುದು ಸಹಜವೇ ಸರಿ. ಗದ್ದೆಯಿದ್ದಲ್ಲಿ ನೀರು, ನೀರಿದ್ದಲ್ಲಿ ಬಸವನ ಹುಳು. ಬಂಗಾಳದ ಬಡವರು ಕೆರೆಗದ್ದೆಗಳ ಚಿಕ್ಕ ಬಸವನ ಹುಳುವನ್ನು ‘ಗುಗ್ಲಿ’ ಎಂದು ಕರೆದು ಮಸಾಲೆಯಲ್ಲಿ ಬೇಯಿಸಿ ಅನ್ನದೊಡನೆ ಉಣ್ಣುವುದುಂಟು. ಮಿಥಿಲೆಯಲ್ಲಿ ಅದೇ ‘ಡೋಕಾ’, ಮಣಿಪುರದಲ್ಲಿ ‘ಥರೋಯಿ’. ನಮ್ಮ ಶಿಬಿರಗಳ ಮನೆಮನೆಯಲ್ಲಿಯೂ ಅದನ್ನು ತಿನ್ನುವರೆಂದು ನಾನು ಹೇಳುತ್ತಿಲ್ಲ. ಅನ್ನ ಮೀನುಗಳೇ ಆ ಜನರ ಮುಖ್ಯ ಆಹಾರವೆಂಬುದು ಎಲ್ಲರಿಗೂ ತಿಳಿದುದೇ. ತಿನ್ನುವರೋ ಬಿಡುವರೋ, ಅದು ಇಲ್ಲಿಯ ಪ್ರಶ್ನೆಯೂ ಅಲ್ಲ. ಒಬ್ಬಾತನು ತಿಂದನೆಂದೇ ಇಟ್ಟುಕೊಳ್ಳೋಣ. ಅಷ್ಟರಿಂದ ಅವನು ನಮಗಿಂತ ಕಡಿಮೆಯವನಾದನೆ? ಪ್ರಶ್ನೆ ಇದು.

ಆದನೆಂದು ವಾದಿಸುವವರು ಮೂರು ಆಕ್ಷೇಪಣೆಗಳನ್ನು ಮುಂದಿಡುತ್ತಾರೆ. ಇದು ನಮ್ಮ ನಾಡಿನ ಆಹಾರವಲ್ಲ ಎಂಬುದು ಮೊದಲನೆಯದು, ಅಶುದ್ಧವೆಂಬುದು ಎರಡನೆಯದು, ಧರ್ಮಕ್ಕೆ ವಿರುದ್ಧವೆಂಬುದು ಮೂರನೆಯದು. ಇವನ್ನು ಒಂದೊಂದಾಗಿ ಪರಿಶೀಲಿಸೋಣ.

ನಮ್ಮ ನಾಡಿನ ಆಹಾರವಲ್ಲವೆನ್ನುವವರು ನಮ್ಮ ನಾಡಿನ ಪುಸ್ತಕಗಳನ್ನು ತೆರೆದು ನೋಡಿದವರಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಜನದ ಪ್ರಕರಣವೊಂದಿದೆ. ಇಡ್ಡಲಿಗೆ, ಹೋಳಿಗೆಗಳಂತಹ ತಿನಿಸುಗಳ ವರ್ಣನೆಯನ್ನು ಅಲ್ಲಿಂದ ಎತ್ತಿ ತೋರಿಸಿ ಹೆಮ್ಮೆಪಡುವ ನಾವು, ಅದೇ ಪ್ರಕರಣದಲ್ಲಿ ಆಮೆಯನ್ನೂ ಏಡಿಯನ್ನೂ ಬೇಯಿಸುವ ಕ್ರಮವಿರುವುದನ್ನು ಹೇಳುವುದಿಲ್ಲ. ಹೊಲಗಳಲ್ಲಿಯೂ ಹೊಳೆಯ ದಂಡೆಗಳಲ್ಲಿಯೂ ಕೊಬ್ಬಿ ಬೆಳೆದ ಕರಿಯ ಇಲಿಯನ್ನು ಬಾಲದಿಂದ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ, ಕೂದಲುದುರಿಸಿ, ಬಿಸಿನೀರಿನಲ್ಲಿ ತೊಳೆದು, ನೆಲ್ಲಿಕಾಯಿ ಉಪ್ಪುಗಳೊಡನೆ ಬೇಯಿಸುವ ವಿಧಾನವನ್ನು ಚಕ್ರವರ್ತಿಯು ಎಳ್ಳಷ್ಟೂ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ಕಬ್ಬಿಣದ ಸಲಾಕೆಗೆ ಸಿಕ್ಕಿಸಿ ಕೆಂಡದ ಮೇಲೆ ಸುಡುವ ಇನ್ನೊಂದು ಕ್ರಮವನ್ನೂ ಬಿಟ್ಟಿಲ್ಲ. ಇದು ಕಾಡಿನವರ ಊಟವಲ್ಲ. ಕನ್ನಡನಾಡನ್ನಾಳಿದ ಅರಸನ ಪಂಕ್ತಿಯ ಭಕ್ಷ್ಯ.

ಅಲ್ಲಿಂದ ನಾಲ್ಕುನೂರು ವರ್ಷ ಈಚೆಗೆ ಬಂದರೆ ವಿಜಯನಗರ. ಮುದಗಲ್ಲು ರಾಯಚೂರು ಕೋಟೆಗಳಿಗಾಗಿ ಕೃಷ್ಣದೇವರಾಯನು 1520ರಲ್ಲಿ ಮಾಡಿದ ಯುದ್ಧವನ್ನು ಅಭಿಮಾನದಿಂದ ಸ್ಮರಿಸುವವರು ನಾವು. ಆ ಯುದ್ಧದ ವಿವರಗಳನ್ನು ಬರೆದಿಟ್ಟ ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜನು, ಗೋಮಾಂಸವನ್ನುಳಿದು ಬಗೆಬಗೆಯ ಮಾಂಸವನ್ನು ಆ ರಾಜರು ಉಣ್ಣುತ್ತಿದ್ದರೆಂದೂ, ಗುಬ್ಬಚ್ಚಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯ ಪ್ರಾಣಿಗಳು ಕೂಡ ರಾಜಧಾನಿಯ ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿದ್ದುವೆಂದೂ ಹೇಳಿದ್ದಾನೆ. ಪರದೇಶದವನ ಮಾತು, ಉತ್ಪ್ರೇಕ್ಷೆಯಿದ್ದೀತು ಎನ್ನಬಹುದು. ಪರಂತು ಯುದ್ಧದ ವರ್ಣನೆಯಲ್ಲಿ ಅವನನ್ನು ಸಾಕ್ಷಿಯೆಂದು ಕರೆದವರು ಊಟದ ವರ್ಣನೆಗೆ ಬಂದಾಗ ಅವನನ್ನು ಸುಳ್ಳುಗಾರನೆಂದು ಕಟಕಟೆಯಿಂದ ಇಳಿಸುವುದು ನ್ಯಾಯವಲ್ಲ.

ಪ್ರಾಚೀನರ ಮಾತು ಹಾಗಿರಲಿ. ಇಂದಿನ ಕರ್ನಾಟಕವನ್ನೇ ನೋಡಿರಿ. ತುಳುನಾಡಿನಲ್ಲಿ, ಗಡಿಯಾಚೆಯ ಕಾಸರಗೋಡಿನಲ್ಲಿಯೂ, ಹೊಳೆತೋಡುಗಳ ಬಸವನ ಹುಳುವಿಗೆ ‘ನರ್ತೆ’ ಎಂದು ಹೆಸರು; ಅದನ್ನೂ ಮರುವಾಯಿಯನ್ನೂ ಬೇಯಿಸಿ ಉಣ್ಣುವ ಮನೆಗಳು ಬೇಕಾದಷ್ಟಿವೆ, ಮತ್ತು ಆ ಮನೆಗಳಿಂದ ಪಂಡಿತರೂ ವೈದ್ಯರೂ ನ್ಯಾಯವಾದಿಗಳೂ ಬಂದಿದ್ದಾರೆ. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿಯನ್ನು ಅರೆಯುತ್ತಾರೆ. ಒಡಿಶಾದ ಮಯೂರಭಂಜದ ಅಂತಹದೇ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿಯೂ ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದೇಳುವ ಈಸಲು ಹುಳುವನ್ನು ದೀಪದ ಬೆಳಕಿಗೆ ಸೆಳೆದು ಹಿಡಿದು, ರೆಕ್ಕೆಯುದುರಿಸಿ, ಹುರಿದು ತಿನ್ನುವುದನ್ನು ಕಾಣದ ಹಿರಿಯರು ವಿರಳ. ಪೇಟೆಗೆ ಬಂದು ಪದವಿ ಪಡೆದ ಮೇಲೆ ನಮಗೆ ಈಸಲು ಮರೆತುಹೋಯಿತು. ಗುಗ್ಲಿ ಮಾತ್ರ ಕಣ್ಣಿಗೆ ಬಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯಲ್ಲಿಯ ನೊಣವನ್ನು ತೋರಿಸಿದಂತೆ ಎಂಬ ಗಾದೆಯನ್ನು ಕಟ್ಟಿದವರು ಮಾನಸೋಲ್ಲಾಸವನ್ನು ಓದಿರಲಿಕ್ಕಿಲ್ಲ. ಆದರೂ ಮಾತು ಚಾಚೂ ತಪ್ಪದೆ ಒಪ್ಪುತ್ತದೆ.

ಲೋಕದ ಕಡೆಗೆ ಕಣ್ಣು ಹಾಯಿಸಿದರೆ ಈ ಆಕ್ಷೇಪಣೆಯು ಇನ್ನೂ ಬಡವಾಗುತ್ತದೆ. ಕ್ರಿಸ್ತನಿಗೂ ಮುಂಚೆಯೇ ರೋಮಿನ ಫುಲ್ವಿಯಸ್ ಲಿಪ್ಪಿನಸ್ ಎಂಬವನು ಬಸವನ ಹುಳುಗಳಿಗೆ ಬೇಲಿಯ ದೊಡ್ಡಿಗಳನ್ನು ಕಟ್ಟಿ, ಜಾತಿಜಾತಿಯನ್ನು ಬೇರೆ ಮಾಡಿ ಸಾಕಿದನೆಂದು ಪ್ಲಿನಿಯು ಬರೆದಿದ್ದಾನೆ. ಫ್ರಾನ್ಸಿನವರು ಅದನ್ನು ಬೆಣ್ಣೆ ಬೆಳ್ಳುಳ್ಳಿಗಳಲ್ಲಿ ಬೇಯಿಸಿ ‘ಎಸ್ಕಾರ್ಗೋ’ ಎಂದು ಬಡಿಸುತ್ತಾರೆ. ಮೊರಾಕ್ಕೋದ ಬೀದಿಗಳಲ್ಲಿ ಅದರ ಸಾರು ಸಿಗುತ್ತದೆ. ನೈಜೀರಿಯಾ, ಘಾನಾಗಳಲ್ಲಿ ಅಂಗೈಯಗಲದ ಹುಳುವು ಬೆಲೆಬಾಳುವ ಮಾಂಸ. ಮೆಕ್ಸಿಕೋದವರಿಗೆ ಮಿಡತೆ, ಜಪಾನಿನ ನಾಗಾನೋ ಸೀಮೆಯವರಿಗೆ ಕಣಜದ ಮರಿ, ಕೊರಿಯದವರಿಗೂ ನಮ್ಮ ಅಸಮಿನವರಿಗೂ ರೇಷ್ಮೆಯ ಗೂಡಿನೊಳಗಿನ ಹುಳು. ಸುಮಾರು 1,900 ಜಾತಿಯ ಕೀಟಗಳು ಮನುಷ್ಯರ ಆಹಾರವಾಗಿವೆಯೆಂದೂ, ಇನ್ನೂರು ಕೋಟಿ ಜನರ ರೂಢಿಯ ಊಟದಲ್ಲಿ ಅವುಗಳಿಗೆ ಸ್ಥಾನವಿದೆಯೆಂದೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2013ರಲ್ಲಿ ಪ್ರಕಟಿಸಿತು. ಒಂದು ಚಮತ್ಕಾರವನ್ನು ವಾಚಕರು ಗಮನಿಸಬೇಕು. ಪ್ಯಾರಿಸಿಗೆ ಹೋಗಿಬಂದ ನಮ್ಮ ಗೃಹಸ್ಥನು ಅಲ್ಲಿ ಬಸವನ ಹುಳುವನ್ನು ರುಚಿ ನೋಡಿದನೆಂದರೆ ಅದು ಅನುಭವ, ನಾಲ್ಕು ಜನರೆದುರು ಹೇಳಿಕೊಳ್ಳತಕ್ಕ ಸಂಗತಿ. ಶಿಬಿರದ ಕೂಲಿಯವನು ಅದನ್ನೇ ತಿಂದರೆ ಅದು ಕೀಳುತನ. ಹುಳುವಿನಲ್ಲಿ ಭೇದವಿಲ್ಲ, ಭೇದವಿರುವುದು ತಿಂದವನ ಕಿಸೆಯಲ್ಲಿ. ನಮಗೆ ಬಂದ ವಾಕರಿಕೆ ಹುಳುವಿನಿಂದ ಬಂದುದಲ್ಲ, ಬಡತನದಿಂದ ಬಂದುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಇನ್ನು ಅಶುದ್ಧಿಯ ಮಾತು. ಶುದ್ಧಿಯೆಂದರೇನು? ಪೂಜೆಗೆ ಕುಳಿತುಕೊಳ್ಳುವಾಗ ನಾವು ಉಡುವ ಪಟ್ಟೆಮಡಿಯು ಕುದಿಯುವ ನೀರಿನಲ್ಲಿ ಸಾವಿರಾರು ಹುಳುಗಳನ್ನು ಕೊಂದು ತೆಗೆದ ನೂಲು. ದೇವರ ಮುಂದೆ ಊದುವ ಶಂಖವು ಕಡಲಿನ ಬಸವನ ಹುಳುವಿನ ಮನೆ. ಅದರ ಭಸ್ಮವನ್ನು ಔಷಧವೆಂದು ಹೊಟ್ಟೆಗೂ ತೆಗೆದುಕೊಳ್ಳುತ್ತೇವೆ. ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ಚಿಪ್ಪುಗಳನ್ನು ಸುಟ್ಟು ಮಾಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಜೇನೆಂಬುದು ಹೂವಿನ ರಸವನ್ನು ನೊಣವು ನುಂಗಿ ತಿರುಗಿ ಕಕ್ಕಿದ ಪದಾರ್ಥ, ಅದಿಲ್ಲದೆ ಪಂಚಾಮೃತವಿಲ್ಲ. ನಮ್ಮ ಸಾರಿಗೆ ಪರಿಮಳ ಕೊಡುವ ಇಂಗನ್ನು ಯುರೋಪಿನವರು ಪಿಶಾಚಿಯ ಮಲವೆಂದು ಮೂಗು ಮುಚ್ಚಿಕೊಂಡು ಕರೆದರು. ಲೋಕದ ವಯಸ್ಕರಲ್ಲಿ ಹೆಚ್ಚಿನವರಿಗೆ ಹಾಲು ಪೂರ್ಣವಾಗಿ ಜೀರ್ಣವಾಗುವುದೇ ಇಲ್ಲ. ಬೇರೊಂದು ಪ್ರಾಣಿಯ ಕೆಚ್ಚಲಿನಿಂದ ಹಿಂಡಿದುದನ್ನು ದೊಡ್ಡವರು ಕುಡಿಯುವುದು ಅವರಲ್ಲಿ ಎಷ್ಟೋ ಜನರಿಗೆ ವಿಚಿತ್ರವಾಗಿ ಕಾಣುತ್ತದೆ. ಆದುದರಿಂದ ಅಸಹ್ಯವೆಂಬುದು ವಸ್ತುವಿನ ಗುಣವಲ್ಲ, ಅಭ್ಯಾಸದ ಗುಣ. ತಾಯಿಯ ಕೈತುತ್ತಿನೊಡನೆ ನಾಲಗೆಗೆ ಬಂದುದೆಲ್ಲ ಶುದ್ಧ, ಬಾರದುದೆಲ್ಲ ಅಶುದ್ಧ. ಈ ಅಭ್ಯಾಸವು ಸಹಜವಾದುದೇ. ಅದನ್ನು ಶಾಸ್ತ್ರವೆಂದು ಸಾರುವುದು ಮಾತ್ರ ತಪ್ಪು.

ಶುದ್ಧಿಯನ್ನು ಆರೋಗ್ಯವೆಂದು ತಿಳಿದರೆ ವಿಚಾರ ಬೇರೆಯಾಗುತ್ತದೆ, ಮತ್ತು ಅಲ್ಲಿ ಹೇಳತಕ್ಕ ಸತ್ಯಾಂಶವೂ ಇದೆ. ಬಸವನ ಹುಳುವನ್ನು ಹಸಿಯಾಗಿಯೋ ಅರೆಬೆಂದುದಾಗಿಯೋ ತಿಂದರೆ ಇಲಿಯ ಶ್ವಾಸಕೋಶದ ಹುಳುವೆಂಬ ಪರೋಪಜೀವಿಯು ಮನುಷ್ಯನ ಮಿದುಳಿನ ಪೊರೆಗೆ ಉರಿಯೂತವನ್ನು ತರಬಲ್ಲುದು. ಆದಕಾರಣ ಬಲ್ಲವರು ಅದನ್ನು ಒಂದೆರಡು ದಿನ ನೀರಿನಲ್ಲಿಟ್ಟು, ಮಣ್ಣನ್ನು ಬಿಡಿಸಿ, ಚೆನ್ನಾಗಿ ಕುದಿಸಿ ಬೇಯಿಸುತ್ತಾರೆ. ಹಾಗೆ ಬೆಂದ ಮೇಲೆ ಅದು ಮೀನಿನಂತೆಯೇ ಒಂದು ಆಹಾರ. ನೂರು ಗ್ರಾಂ ಮಾಂಸದಲ್ಲಿ ಸುಮಾರು 16 ಗ್ರಾಂ ಸಸಾರಜನಕವಿರುತ್ತದೆ, ಕೊಬ್ಬು ಅತ್ಯಲ್ಪ. ಎರಡನೆಯ ಅಪಾಯವು ಹುಳುವಿನದಲ್ಲ, ನಮ್ಮದು. ಕಾಲುವೆಯ ಸೀಮೆಯ ಭತ್ತದ ಗದ್ದೆಗಳಿಗೆ ನಾವು ಸುರಿಯುತ್ತಿರುವ ಕೀಟನಾಶಕಗಳು ನೀರನ್ನೂ ಕೆಸರನ್ನೂ ಸೇರುತ್ತವೆ. ಆ ಕೆಸರಿನಲ್ಲಿ ಮೇಯುವ ಪ್ರಾಣಿಯ ಮೈಗೂ ಸೇರುತ್ತವೆ. ಗದ್ದೆಯ ಹುಳುವನ್ನು ತಿನ್ನುವ ಬಡವನಿಗೆ ಅದರಿಂದ ಕೇಡಾದರೆ ಆ ಅಶುದ್ಧಿಗೆ ಹೊಣೆಗಾರರು ಯಾರು? ವಿಷವನ್ನು ಸುರಿದವರು ಶುದ್ಧರು, ವಿಷವನ್ನುಂಡವನು ಅಶುದ್ಧನು ಎಂಬುದು ಯಾವ ನ್ಯಾಯಶಾಸ್ತ್ರ? ಆರೋಗ್ಯದ ಕಳಕಳಿ ನಿಜವಾಗಿಯೂ ಇದ್ದರೆ ಮೂಗನ್ನು ಮುರಿಯುವ ಬದಲು ಗದ್ದೆಯ ವಿಷವನ್ನು ಕಡಿಮೆ ಮಾಡೋಣ, ಬೇಯಿಸುವ ಕ್ರಮವನ್ನು ತಿಳಿಸೋಣ.

ಮೂರನೆಯ ಆಕ್ಷೇಪಣೆಯು ಅಹಿಂಸೆಯದು. ಇದು ಉಳಿದೆರಡಕ್ಕಿಂತ ಘನವಾದುದು, ಗೌರವದಿಂದ ಉತ್ತರಿಸತಕ್ಕುದು. ಪ್ರಾಣಿಯನ್ನು ಕೊಲ್ಲಬಾರದೆಂದು ತಿಳಿದು ತನ್ನ ನಾಲಗೆಯನ್ನು ತಾನು ಬಿಗಿಹಿಡಿದವನಿಗೆ ನಮಸ್ಕಾರ. 1508ರ ಸುಮಾರಿನಲ್ಲಿ ಜೈನ ಕವಿಯಾದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಶಾಕಪಾಕಗಳ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು, ಆ ಪರಂಪರೆಯೂ ಈ ನಾಡಿನದೇ, ಸೋಮೇಶ್ವರನ ಪರಂಪರೆಯೂ ಈ ನಾಡಿನದೇ. ಆದರೆ ಅಹಿಂಸೆಯ ಹೆಸರಿನಲ್ಲಿ ನೆರೆಯವನನ್ನು ಹೀಯಾಳಿಸುವುದು ಧರ್ಮವೋ ಎಂಬುದನ್ನು, ಅಹಿಂಸೆಯನ್ನು ರಾಜಶಾಸನವಾಗಿ ಕಲ್ಲಿನಲ್ಲಿ ಕೊರೆಯಿಸಿದವನನ್ನೇ ಕೇಳೋಣ. ಅವನನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರರು ನಮ್ಮ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆಯ ಮೇಲೆ ಅಶೋಕನ ಹೆಸರೇ ಇದೆ. ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಲೋಕಕ್ಕೆ ಖಚಿತವಾದುದು ಆ ಬಂಡೆಯಿಂದ.

ಅಶೋಕನು ಮಾಡಿದುದೇನು? ತನ್ನ ಮೊದಲನೆಯ ಬಂಡೆಶಾಸನದಲ್ಲಿ ಅವನು ಆರಂಭಿಸುವುದು ಪರರ ಅಡಿಗೆಮನೆಯಿಂದಲ್ಲ, ತನ್ನ ಅಡಿಗೆಮನೆಯಿಂದ. ಮೊದಲು ಅರಮನೆಯ ಪಾಕಶಾಲೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಹತವಾಗುತ್ತಿದ್ದುವೆಂದೂ, ಈಗ ಎರಡು ನವಿಲು ಒಂದು ಜಿಂಕೆಗೆ ಇಳಿದಿದೆಯೆಂದೂ, ಮುಂದೆ ಇವನ್ನೂ ಕೊಲ್ಲುವುದಿಲ್ಲವೆಂದೂ ಲೆಕ್ಕ ಒಪ್ಪಿಸುತ್ತಾನೆ. ಪಟ್ಟವಾದ ಇಪ್ಪತ್ತಾರು ವರ್ಷಗಳ ತರುವಾಯದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಡುವಾಗಲೂ ಅವನು ಹಿಡಿಯುವ ಮಾರ್ಗ ದಯೆಯದು. ಬಸುರಿಯಾದ, ಮರಿಗೆ ಹಾಲೂಡುವ ಪಶುಗಳನ್ನೂ, ಆರು ತಿಂಗಳೊಳಗಿನ ಮರಿಗಳನ್ನೂ ಕಾಪಾಡಬೇಕೆನ್ನುತ್ತಾನೆ. ಪ್ರಾಣಿಯ ಮೇಲಣ ಕರುಣೆಯಿಂದ ಮಾಡಿದ ವಿಧಿ ಅದು. ತಿನ್ನುವವನ ಮೇಲಣ ತಿರಸ್ಕಾರದಿಂದ ಮಾಡಿದುದಲ್ಲ. ಭೀಮಾತೀರದ ಸನ್ನತಿಯಲ್ಲಿ ದೊರೆತ ಶಿಲೆಯಲ್ಲಿ ಅವನ ಹನ್ನೆರಡನೆಯ ಶಾಸನದ ಭಾಗವಿದೆ. ತನ್ನ ಪಂಥವನ್ನು ಹೊಗಳಿಕೊಂಡು ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ, ಆದುದರಿಂದ ಮಾತಿನಲ್ಲಿ ಸಂಯಮವಿರಬೇಕು ಎಂಬುದೇ ಆ ಶಾಸನದ ತಾತ್ಪರ್ಯ. ಮಸ್ಕಿಯ ಬಂಡೆಯೂ ಇದಕ್ಕೆ ಸಮೀಪವಾದ ಮಾತನ್ನೇ ಆಡುತ್ತದೆ. ಧರ್ಮದಲ್ಲಿ ತೊಡಗಿದರೆ ಚಿಕ್ಕವನೂ ಆ ಗುರಿಯನ್ನು ಮುಟ್ಟಬಲ್ಲನು, ದೊಡ್ಡವರಿಗೆ ಮಾತ್ರ ಅದು ಮೀಸಲೆಂದು ತಿಳಿಯಬಾರದು. ಇಂತಹ ಕಲ್ಲು ಊರ ಬದಿಯಲ್ಲಿಯೇ ಇರುವಾಗ ನಾವು ಮನುಷ್ಯರನ್ನು ತಟ್ಟೆಯಿಂದ ವಿಂಗಡಿಸುತ್ತಿದ್ದರೆ, ಅದನ್ನು ಕಾಯುವ ಅಧಿಕಾರ ನಮಗೆಲ್ಲಿಯದು?

ಶರಣರ ಮಾತೂ ಬೇರೆಯಲ್ಲ. ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಎತ್ತಿಹಿಡಿದಾಗ ಅವನ ಪೂರ್ವಾಶ್ರಮದ ಗಡಿಗೆಯಲ್ಲಿ ಏನು ಬೆಂದಿತ್ತೆಂದು ವಿಚಾರಿಸಲಿಲ್ಲ. ಕನಕದಾಸರು ‘ರಾಮಧಾನ್ಯಚರಿತೆ’ಯನ್ನು ಬರೆದುದೇ ಆಹಾರದ ಮೇಲುಕೀಳಿನ ಮೇಲೆ. ಅಕ್ಕಿಯು ಬಡವರ ರಾಗಿಯನ್ನು ಹಳಿದು ಬೀಗಿತು; ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು; ಹೊರಗೆ ಬಂದಾಗ ಅಕ್ಕಿ ಕಂಗೆಟ್ಟಿತ್ತು, ರಾಗಿ ನಿಂತಿತ್ತು. ಭತ್ತದಿಂದ ಹಣ ಕಂಡು ಜೋಳದ ರೊಟ್ಟಿಯನ್ನು ಅತಿಥಿಗಳಿಗೆ ಬಡಿಸಲು ನಾಚತೊಡಗಿದ ಸಿಂಧನೂರಿನವರಾದ ನಾವು ಆ ಕಥೆಯನ್ನು ಮತ್ತೊಮ್ಮೆ ಓದುವುದು ಮೇಲು.

ಇದೆಲ್ಲ ಬರಿಯ ಪಂಡಿತರ ಚರ್ಚೆಯೆಂದು ಯಾರೂ ತಿಳಿಯದಿರಲಿ. ದೊಡ್ಡವರ ಅಸಹ್ಯಕ್ಕೆ ಬೆಲೆ ತೆರುವವರು ಮಕ್ಕಳು. 2021ರ ಡಿಸೆಂಬರಿನಲ್ಲಿ ರಾಯಚೂರು, ಬೀದರ, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡುವುದನ್ನು ಸರಕಾರವು ಆರಂಭಿಸಿತು. ಈ ಜಿಲ್ಲೆಗಳನ್ನೇ ಆರಿಸಿದುದೇಕೆ? ಇಲ್ಲಿಯ ಮಕ್ಕಳಲ್ಲಿ ರಕ್ತಹೀನತೆಯೂ ಅಪೌಷ್ಟಿಕತೆಯೂ ಹೆಚ್ಚೆಂಬುದೇ ಕಾರಣ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಯ ಹಣ್ಣು ಕೊಡುವ ಏರ್ಪಾಡಿತ್ತು; ಬಲಾತ್ಕಾರವಿರಲಿಲ್ಲ. ಆದರೂ ಕೆಲವು ಮಠಾಧೀಶರೂ ಸಂಘಗಳವರೂ ಮೊಟ್ಟೆಯನ್ನೇ ನಿಲ್ಲಿಸಬೇಕೆಂದು ಹೋರಾಟಕ್ಕೆ ನಿಂತರು. ಸುದೈವದಿಂದ ಯೋಜನೆ ನಿಲ್ಲಲಿಲ್ಲ. ಮುಂದೆ ರಾಜ್ಯಕ್ಕೆಲ್ಲ ಹಬ್ಬಿ, 2024ರಲ್ಲಿ ಒಂದು ಧರ್ಮದತ್ತಿಯ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ವಿಸ್ತಾರವಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಸಸಾರಜನಕ. ತುಪ್ಪ, ಬಾದಾಮಿ, ಕೆನೆಹಾಲುಗಳಿಂದ ಮಕ್ಕಳನ್ನು ಬೆಳೆಸುವ ಮನೆಗೆ ಅದು ಗಣನೆಗೆ ಬಾರದ ವಸ್ತು. ಬೆಳಗಿನ ಗಂಜಿಯನ್ನೂ ಕಾಣದೆ ಶಾಲೆಗೆ ಬಂದ ಮಗುವಿಗೆ ಅದೇ ಆ ದಿನದ ಮಾಂಸಖಂಡ, ಅದೇ ರಕ್ತ. ಪಂಕ್ತಿಭೇದವಾಗುತ್ತದೆಂದು ಕೆಲವರು ಕಣ್ಣೀರಿಟ್ಟರು. ತಲೆತಲಾಂತರದಿಂದ ಪಂಕ್ತಿಯ ಹೊರಗೆಯೇ ಕುಳಿತವರ ಮಕ್ಕಳಿಗೆ ಒಂದು ಮೊಟ್ಟೆ ಬಂದ ದಿನವೇ ನಮಗೆ ಪಂಕ್ತಿಭೇದದ ನೆನಪಾಯಿತೇಕೆ? ಇಂದು ಗುಗ್ಲಿಯನ್ನು ಹಳಿಯುವ ನಾಲಗೆಯೇ ಅಂದು ಮೊಟ್ಟೆಯನ್ನು ತಡೆಯಹೋಯಿತು. ಅಸಹ್ಯಕ್ಕೆ ಅಧಿಕಾರ ಸಿಕ್ಕರೆ ಅದು ಹುಳುವಿನಲ್ಲಿ ನಿಲ್ಲುವುದಿಲ್ಲ.

‘ಹಾಗಾದರೆ ಯಾರು ಏನನ್ನಾದರೂ ತಿನ್ನಬಹುದೆ?’ ಎಂದು ಕೇಳುವವರಿದ್ದಾರೆ. ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನಿನಂತೆ ಉಡವನ್ನೂ ಅನೇಕ ಜಾತಿಯ ಆಮೆಗಳನ್ನೂ ಹಿಡಿಯುವುದು ಅಪರಾಧ; ಅದು ಆಗಬೇಕಾದುದೇ, ಏಕೆಂದರೆ ಆ ಪ್ರಾಣಿಗಳ ಸಂತತಿಯೇ ಕ್ಷೀಣಿಸುತ್ತಿದೆ. ರೋಗ ತರುವ ಆಹಾರವನ್ನು ತಡೆಯುವುದೂ ಸರಿ. ನಿಷೇಧಕ್ಕೆ ಇಂತಹ ಕಾರಣ ಬೇಕು, ಮತ್ತು ಆ ಕಾರಣವು ಬಡವನಿಗೂ ಬಲ್ಲಿದನಿಗೂ ಒಂದೇ ಆಗಿರಬೇಕು. ‘ನನಗೆ ವಾಕರಿಕೆ ಬರುತ್ತದೆ’ ಎಂಬುದು ತಾನು ತಿನ್ನದಿರುವುದಕ್ಕೆ ಸಾಕಾದ ಕಾರಣ. ಪರರನ್ನು ತಡೆಯುವುದಕ್ಕೂ ಜರೆಯುವುದಕ್ಕೂ ಸಾಲದು.

ಊಟ ತನ್ನಿಚ್ಛೆಯೆಂದು ಹಿರಿಯರು ಹೇಳಿದ್ದಾರೆ. ಬಸವನ ಹುಳುವನ್ನು ತಿನ್ನಿರೆಂದು ನಾನು ಯಾರಿಗೂ ಉಪದೇಶಿಸುತ್ತಿಲ್ಲ. ಶಾಕಾಹಾರಿಯು ತನ್ನ ವ್ರತವನ್ನು ಬಿಡಬೇಕೆಂದೂ ಇಲ್ಲ. ಬೇಡವಾದುದನ್ನು ಬೇಡವೆನ್ನುವ ಹಕ್ಕು ಅವನಿಗೆ ಪೂರ್ಣವಾಗಿದೆ, ಅವನಿಗೆ ಬೇಕಾದಂತೆ ಬೇರೆ ಪಾತ್ರೆಯಲ್ಲಿ ಬಡಿಸುವುದೂ ಸೌಜನ್ಯವೇ. ನಾನು ಕೇಳುವುದು ಇಷ್ಟು. ಮನೆಯನ್ನು ಬಾಡಿಗೆಗೆ ಕೊಡುವಾಗ ಬಾಡಿಗೆಯನ್ನು ವಿಚಾರಿಸಿರಿ, ಗಡಿಗೆಯನ್ನಲ್ಲ. ಶಾಲೆಯ ಆಡಳಿತದಲ್ಲಿರುವವರು ಮಕ್ಕಳ ತೂಕವನ್ನು ನೋಡಿರಿ, ಅವರ ಡಬ್ಬಿಯ ವಾಸನೆಯನ್ನಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಗೃಹಿಣಿಯರೂ ಗೃಹಸ್ಥರೂ ತಮ್ಮ ಮಕ್ಕಳು ಜೊತೆಗಾರರ ಊಟವನ್ನು ಕಂಡು ‘ಛೀ’ ಎಂದಾಗ ನಗದಿರಲಿ. ಆ ಒಂದಕ್ಷರದಿಂದಲೇ ಅಸ್ಪೃಶ್ಯತೆ ಆರಂಭವಾಗುತ್ತದೆ. ಅದನ್ನು ಮಗುವು ಹುಟ್ಟುವಾಗ ತಂದಿರುವುದಿಲ್ಲ, ನಮ್ಮ ಮುಖವನ್ನು ನೋಡಿ ಕಲಿಯುತ್ತದೆ. ಕಲಿಸಿದವರು ನಾವು, ಬಿಡಿಸಬೇಕಾದವರೂ ನಾವೇ.